ಮಗು ಬಂದೂಕು ಬೇಕು ಅಂತ ಹಟ ಹಿಡಿದರೆ ಮೊದಲು ನಳಿಗೆ ನೋಡಿ

ದಸರಾ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಮೈಸೂರಿನವರಿಗೆಲ್ಲ ಈ ಕಥೆ ಗೊತ್ತು. ದೊಡ್ಡಕೆರೆ ಮೈದಾನದಲ್ಲಿ ಸುತ್ತಾಡಿ, ಮುಖದಷ್ಟು ಅಗಲದ ಹಪ್ಪಳ ತಿಂದು, ಜೈಂಟ್ ವೀಲ್ ಮುಗಿಸಿ, ಕಾಲು ನೋವು ಅಂತ ಇನ್ನೇನು ಗೇಟಿನ ಕಡೆ ಹೊರಡಬೇಕು ಅನ್ನುವಷ್ಟರಲ್ಲಿ ಆಟದ ಸಾಮಾನಿನ ಅಂಗಡಿ ಮುಂದೆ ಮಗು ಬೇರು ಬಿಟ್ಟು ನಿಲ್ಲುತ್ತದೆ. ಬೆರಳು ಸೀದಾ ಮೇಲೆ ದಾರಕ್ಕೆ ನೇತುಹಾಕಿದ ಕಪ್ಪು ಬಂದೂಕಿನ ಕಡೆಗೆ. ಅಪ್ಪ "ಕೊಡಿಸೋಣ ಬಿಡು, ನಾವೆಲ್ಲ ಆಡಿಲ್ವಾ" ಅನ್ನುತ್ತಾರೆ. ಅಮ್ಮ ಹಲ್ಲು ಕಚ್ಚಿಕೊಂಡು ಬೇಡ ಅನ್ನುತ್ತಾಳೆ. ಅಂಗಡಿಯವನು ಅಷ್ಟರಲ್ಲಿ ಅದನ್ನು ಇಳಿಸಿ ಮಗುವಿನ ಕೈಗೇ ಕೊಟ್ಟಿರುತ್ತಾನೆ. ಅವನಿಗೆ ವ್ಯಾಪಾರ ಗೊತ್ತು.

ಆ ಅಮ್ಮ ನಾನೇ. ಕುವೆಂಪುನಗರದಲ್ಲಿ ಮನೆ, ಮಂಡ್ಯ ಕಡೆ ತವರು, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಇಬ್ಬರಿಗೂ ಬಂದೂಕು ಆಟ ಇಷ್ಟ, ಮಗಳಿಗೇ ಸ್ವಲ್ಪ ಜಾಸ್ತಿ. ಮೊದಮೊದಲು ನಾನು ಪೂರ್ತಿ ಬೇಡ ಅನ್ನುವ ಪಾರ್ಟಿ. ಮನೆಗೆ ಒಂದೂ ಬಂದೂಕು ಬರಕೂಡದು ಅಂತ ಕಾನೂನು ಮಾಡಿದ್ದೆ. ಒಂದು ದಿನ ಬೆಳಗ್ಗೆ ತಟ್ಟೆ ಮುಂದೆ ಕೂತಿದ್ದ ಮಗ ಅಕ್ಕಿರೊಟ್ಟಿಯನ್ನು ಒಂದು ಮೂಲೆಯಿಂದ ಕಚ್ಚುತ್ತಾ ಕಚ್ಚುತ್ತಾ, ನಡುವೆ ಎತ್ತಿ ಎತ್ತಿ ನೋಡುತ್ತಾ, ಹಿಡಿಕೆ, ನಳಿಗೆ ಎರಡೂ ಸರಿಯಾಗಿ ಮೂಡಿದ ಮೇಲೆ ಅಕ್ಕನ ಕಡೆ ತಿರುಗಿಸಿ "ಢಂ" ಅಂದ. ಅಕ್ಕ ಕುರ್ಚಿಯಿಂದ ಜಾರಿ ಸತ್ತಳು. ಅವನು ಬಂದೂಕನ್ನು ಚಟ್ನಿಗೆ ಅದ್ದಿ ತಿಂದ. ನನ್ನ ಕಾನೂನು ಅಲ್ಲಿಗೆ ಮುಗಿಯಿತು.

ಹಾಗಂತ ಅಪ್ಪಂದಿರು ಹೇಳುವ ಹಾಗೆ "ಏನೂ ಆಗಲ್ಲ" ಅನ್ನುವುದೂ ಸುಳ್ಳು. ಆಗುತ್ತದೆ. ನಮ್ಮ ಮನೆಯಲ್ಲೇ ಆಗಿದೆ, ಮುಂದೆ ಹೇಳುತ್ತೇನೆ. ಬಂದೂಕು ಬೇಕಾ ಬೇಡ್ವಾ ಅಂತ ಗಂಡ ಹೆಂಡತಿ ಜಗಳ ಆಡುವ ಬದಲು, ಆ ನಳಿಗೆಯಿಂದ ಏನು ಹೊರಗೆ ಬರುತ್ತದೆ, ಅದು ಯಾರ ಕಡೆ ತಿರುಗಿದೆ, ಇವೆರಡನ್ನು ನೋಡಿದರೆ ಮುಕ್ಕಾಲು ಭಾಗ ಉತ್ತರ ಸಿಕ್ಕಿಬಿಡುತ್ತದೆ. ಅಂಗಡಿ ಮುಂದೆ ಎರಡೇ ನಿಮಿಷದಲ್ಲಿ ತೀರ್ಮಾನ ಮಾಡಬಹುದು.

ಏನೂ ಹೊರಗೆ ಬರದಿದ್ದರೆ

ಕೋಲು, ಬೆರಳು, ರೊಟ್ಟಿ, ಮರದ ತುಂಡು. ಸುಮ್ನೆ ಬಿಡಿ. ಕಳ್ಳ ಪೊಲೀಸ್ ಆಟ ಆಡುವ ಮಗುವಿನ ಕೈಯಲ್ಲಿ ಎರಡು ಬೆರಳು ಇದ್ದರೆ ಸಾಕು, ಅದೇ ಪಿಸ್ತೂಲು. ಇದರಿಂದ ಮಗು ಕೆಟ್ಟುಹೋಗುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಬ್ಯಾಟರಿ ಹಾಕುವ, ಲೈಟು ಮಿನುಗಿ "ಟರ್ರ್" ಅನ್ನುವ ಬಂದೂಕಿಗೆ ಮಾತ್ರ ಒಂದು ವಿಷಯ ನೋಡಿ. ಕೆಲವದರಲ್ಲಿ ಬಿಲ್ಲೆ ಆಕಾರದ ಸಣ್ಣ ಬಟನ್ ಸೆಲ್ ಇರುತ್ತದೆ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದೆ ಉಗುರಿನಲ್ಲಿ ಎಬ್ಬಿದರೆ ತೆರೆದುಕೊಳ್ಳುತ್ತದೆ ಅಂದರೆ ಅದನ್ನು ತಗೊಳ್ಳಲೇಬೇಡಿ. ಬಟನ್ ಸೆಲ್ ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆ ಒಳಗೇ ಸುಡುವುದಕ್ಕೆ ಶುರು ಮಾಡುತ್ತದೆ. ನಾಳೆ ಬೆಳಗ್ಗೆ ನೋಡೋಣ, ಬಾಳೆಹಣ್ಣು ತಿನ್ನಿಸೋಣ, ಇಂಥದ್ದೆಲ್ಲ ಬೇಡ. ನುಂಗಿರಬಹುದು ಅಂತ ಅನುಮಾನ ಬಂದ ಕ್ಷಣವೇ ಆಸ್ಪತ್ರೆಗೆ ಓಡಬೇಕು, ಎಕ್ಸ್‌ರೇ ತೆಗೆಸಬೇಕು.

ಸದ್ದು ಬಂದರೆ

ದೀಪಾವಳಿಗೆ ಬರುವ ಕೇಪು ಪಿಸ್ತೂಲು. ಕೆಂಪು ರೋಲು, ಇಲ್ಲದಿದ್ದರೆ ಪ್ಲಾಸ್ಟಿಕ್ ಬಿಲ್ಲೆ. ಆ ವಾಸನೆಗೆ ನನಗೆ ಈಗಲೂ ಬಾಲ್ಯ ನೆನಪಾಗುತ್ತದೆ, ಹಾಗಾಗಿ ಇದರ ಬಗ್ಗೆ ಕಟುವಾಗಿ ಬರೆಯಲು ಮನಸ್ಸು ಬರುವುದಿಲ್ಲ. ಆದರೂ ಆ ಚುಕ್ಕಿಯೊಳಗೆ ಇರುವುದು ಪೊಟ್ಯಾಸಿಯಂ ಕ್ಲೋರೇಟು ಮತ್ತು ಕೆಂಪು ರಂಜಕ. ಎರಡೂ ಸೇರಿದರೆ ಬೆಂಕಿಯೇ ಬೇಕಿಲ್ಲ, ಉಜ್ಜಿದರೆ ಸಾಕು. ಅದಕ್ಕೇ ರೋಲುಗಳನ್ನು ಚಡ್ಡಿ ಜೇಬಿಗೆ ತುಂಬಿಕೊಂಡು ಓಡಾಡಲು ಬಿಡಬೇಡಿ. ಇನ್ನೊಂದು ಕಳ್ಳಾಟ ಇದೆ, ನಾವೂ ಮಾಡಿದ್ದೇ: ಐವತ್ತು ಚುಕ್ಕಿಗಳ ಮದ್ದನ್ನು ಉಗುರಿನಲ್ಲಿ ಕೆರೆದು ಒಂದು ಗುಡ್ಡೆ ಮಾಡಿ, ಮೇಲಿಂದ ಕಲ್ಲು ಎತ್ತಿ ಹಾಕುವುದು. ಕೆರೆಯುವಾಗಲೇ ಹತ್ತಿಕೊಂಡರೆ ಬೆರಳು ಹೋಯಿತು. ಮಕ್ಕಳು ಹಿತ್ತಲಲ್ಲಿ ಗುಂಪು ಕಟ್ಟಿಕೊಂಡು ಸದ್ದಿಲ್ಲದೆ ಕೂತಿದ್ದಾರೆ ಅಂದರೆ ಎದ್ದು ಹೋಗಿ ನೋಡಿ.

ಕಿವಿ ವಿಷಯ ಯಾರೂ ಹೇಳುವುದಿಲ್ಲ. ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಅದಕ್ಕೆ ಬೆಚ್ಚಬಾರದು ಅಂತ ವಾರಗಳ ಮುಂಚೆಯೇ ಆನೆ, ಕುದುರೆಗಳಿಗೆ ಸಿಡಿಮದ್ದಿನ ತಾಲೀಮು ಕೊಡುತ್ತಾರೆ. ಅಷ್ಟು ದೊಡ್ಡ ಆನೆಗೇ ತಾಲೀಮು ಬೇಕಾದರೆ ಕಿವಿ ಪಕ್ಕದಲ್ಲೇ ಕೇಪು ಹೊಡೆಸಿಕೊಂಡ ನಾಲ್ಕು ವರ್ಷದ ಮಗುವಿನ ಗತಿ ಏನು? ಪಿಸ್ತೂಲಿನದು ಸಣ್ಣ ಸದ್ದೇ ಇರಬಹುದು, ಆದರೆ ಕಿವಿಯಿಂದ ನಾಲ್ಕು ಇಂಚು ದೂರದಲ್ಲಿ ಸಣ್ಣದು ಅನ್ನುವುದು ಯಾವುದೂ ಇಲ್ಲ. ನಮ್ಮ ಮನೆ ಲೆಕ್ಕ ಇಷ್ಟೇ: ಹೊರಗಡೆ, ಕೈ ಚಾಚಿ, ಇನ್ನೊಬ್ಬರ ತಲೆ ಹತ್ತಿರ ಅಲ್ಲ, ಪಕ್ಕದಲ್ಲಿ ದೊಡ್ಡವರು ಇರಬೇಕು.

ನೀರು ಬಂದರೆ

ಕೊಡಿಸಿ. ಬೇಸಿಗೆಯಲ್ಲಿ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಮುಖಕ್ಕೆ ಬೇಡ, ಹೋಳಿ ಬಣ್ಣ ಬೆರೆಸಿದ ನೀರು ಕಣ್ಣಿಗೆ ಬೇಡ. ಸಂಪಿನ ಮುಚ್ಚಳ ತೆಗೆದು ಪಿಚಕಾರಿ ತುಂಬಿಸಿಕೊಳ್ಳಲು ಮಾತ್ರ ಬಿಡಬೇಡಿ, ಬಕೆಟ್ ಇಟ್ಟುಕೊಡಿ.

ಸ್ಪಂಜಿನ ಬಾಣ ಬಂದರೆ

ಮೃದು ಅಲ್ವಾ, ಏನಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಲಂಡನ್ನಿನ ಕಣ್ಣಿನ ವೈದ್ಯರು 2017ರಲ್ಲಿ ಇಂಥ ಬಾಣ ಕಣ್ಣಿಗೆ ಬಡಿದು ಒಳಗೆ ರಕ್ತಸ್ರಾವ ಆದ ಮೂವರ ಬಗ್ಗೆ ಬರೆದಿದ್ದರು. ಗನ್ ಕಂಪನಿಯ ಅಸಲಿ ಬಾಣದ ಬದಲು ಕಡಿಮೆ ಬೆಲೆಗೆ ಸಿಗುವ ಬೇರೆ ಬಾಣಗಳ ತಲೆ ಇನ್ನೂ ಗಟ್ಟಿ ಇರುತ್ತದೆ ಅನ್ನುವ ಎಚ್ಚರಿಕೆಯೂ ಅದರಲ್ಲಿತ್ತು. ಕೊಡಿಸುವುದಾದರೆ ನೂರು ಇನ್ನೂರು ರೂಪಾಯಿಯ ಪ್ಲಾಸ್ಟಿಕ್ ಕನ್ನಡಕವನ್ನೂ ಜೊತೆಗೇ ಕೊಡಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡಿಂಗ್‌ನವರು ಹಾಕುವ ಪಾರದರ್ಶಕ ಕನ್ನಡಕ ಸಿಗುತ್ತದೆ. "ಇದು ಕಮಾಂಡೋ ಡ್ರೆಸ್ಸು" ಅಂದರೆ ಮಕ್ಕಳು ತಕರಾರಿಲ್ಲದೆ ಹಾಕಿಕೊಳ್ಳುತ್ತಾರೆ. ಇದನ್ನು ನಾನು ಕಂಡುಹಿಡಿದದ್ದಲ್ಲ, ಮಗಳು ಹೇಳಿದ್ದು.

ರಬ್ಬರ್ ಬಟ್ಟಲಿನ ಬಾಣ, ಅದೇ ಗಾಜಿಗೆ "ಪಚ್" ಅಂತ ಅಂಟಿಕೊಳ್ಳುತ್ತದಲ್ಲ, ಅದರದು ಬೇರೆ ತೊಂದರೆ. ಚೆನ್ನಾಗಿ ಅಂಟಲಿ ಅಂತ ಮಕ್ಕಳು ಅದನ್ನು ಬಾಯಲ್ಲಿಟ್ಟು ಎಂಜಲು ಮಾಡುತ್ತಾರೆ. ನಿಮ್ಮ ಮಗುವೂ ಮಾಡುತ್ತದೆ, ಬೇಕಾದರೆ ಗಮನಿಸಿ. ಹಾಗೆ ಬಾಯಲ್ಲಿ ಇಟ್ಟುಕೊಂಡೇ ನಗು ಬಂದರೆ, ಓಡಿದರೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಚಿಕ್ಕ ಮಕ್ಕಳ ಆಟದ ಸಾಮಾನು ಪರೀಕ್ಷೆ ಮಾಡುವವರು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಮೂರು ವರ್ಷದ ಒಳಗಿನವರ ಕೈಗೆ ಹೋಗಬಾರದು. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ಅದಕ್ಕಿಂತ ಒಂಚೂರು ದೊಡ್ಡದಿದ್ದರೂ ಗಂಟಲಿಗೆ ಅಪಾಯವೇ ಅಂತ ಲೆಕ್ಕ ಇಟ್ಟುಕೊಳ್ಳಿ.

ಗುಂಡು ಬಂದರೆ

ಇಲ್ಲಿ ನನ್ನ ಉತ್ತರ ಒಂದೇ. ಬೇಡ.

ಜಾತ್ರೆಗಳಲ್ಲಿ, ಬೆಟ್ಟದ ಮೇಲಿನ ಅಂಗಡಿಗಳಲ್ಲಿ, ಎಲ್ಲ ಕಡೆ ಸಿಗುವ 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡಿನ ಗನ್ ಇದೆಯಲ್ಲ, ಹಳದಿ ಗುಂಡುಗಳ ಪೊಟ್ಟಣ ಫ್ರೀ ಕೊಡುವಂಥದ್ದು, ಮೂರು ವರ್ಷದ ಹಿಂದೆ ನಾನೇ ಸೋತು ಅದನ್ನು ಕೊಡಿಸಿದ್ದೆ. ತವರಿನಲ್ಲಿ ಎಲ್ಲ ಮಕ್ಕಳೂ ಸೇರಿದ್ದರು. ಜಗಲಿ ಮೇಲೆ ತೆಂಗಿನ ಚಿಪ್ಪು ಸಾಲಾಗಿಟ್ಟು ಗುರಿ ಹೊಡೆಯುತ್ತಿದ್ದರು, ಅದೂ ಅರ್ಧ ಗಂಟೆ ಚೆನ್ನಾಗೇ ನಡೆಯಿತು. ಅಕ್ಕನ ಮಗ ಬಿದ್ದ ಚಿಪ್ಪನ್ನು ಮತ್ತೆ ನಿಲ್ಲಿಸಲು ಬಗ್ಗಿದ. ಮಗಳು ಅಷ್ಟರಲ್ಲಿ ಟ್ರಿಗರ್ ಎಳೆದಿದ್ದಳು. ಗುಂಡು ಹುಬ್ಬಿಗೆ ತಾಗಿತು, ಕಣ್ಣಿನಿಂದ ಒಂದು ಬೆರಳು ಮೇಲೆ. ಕಡಲೆಕಾಳಿನಷ್ಟು ಕೆಂಪು ಗುರುತು ಎದ್ದಿತು, ಅಷ್ಟೇ. ನಮ್ಮಜ್ಜಿ ಒಲೆ ಮುಂದೆ ಕೂತಿದ್ದವರು ಎದ್ದು ಬಂದು, ಆ ಗನ್ನನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಲು ಹೊರಟಿದ್ದರು, ಪ್ಲಾಸ್ಟಿಕ್ ವಾಸನೆ ಅಂತ ನಾವು ತಡೆದೆವು. "ಅವಳ ಮ್ಯಾಲೆ ಯಾಕೆ ಕೂಗಾಡ್ತೀಯ, ಕಾಸು ಕೊಟ್ಟೋಳು ನೀನಲ್ವಾ" ಅಂತ ನನಗೆ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಣ್ಣಿಗೇ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಓದಿಕೊಂಡೆ. ಹೊರಗೆ ಏನೂ ಕಾಣದೆ ಒಳಗೆ ರಕ್ತ ಸೇರಬಹುದು, ಕಣ್ಣಿನ ಒತ್ತಡ ಏರಬಹುದು, ಕಣ್ಣೊಳಗಿನ ಪರದೆ (ರೆಟಿನಾ) ಕಿತ್ತು ಬರಬಹುದು. ಹಾಗಾಗಿ ಏಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ, ಎದೆಹಾಲು, ಹರಳೆಣ್ಣೆ, ಮನೆಯಲ್ಲಿದ್ದ ಹಳೇ ಡ್ರಾಪ್ಸ್ ಏನೂ ಹಾಕಬೇಡಿ. ಪೇಪರ್ ಲೋಟದ ತಳ ಕತ್ತರಿಸಿ ಕಣ್ಣಿಗೆ ತಾಗದ ಹಾಗೆ ಮೇಲೆ ಮುಚ್ಚಿ, ಪ್ಲಾಸ್ಟರ್ ಅಂಟಿಸಿ, ಕಣ್ಣಿನ ಡಾಕ್ಟರ ಹತ್ತಿರ ಅವತ್ತೇ ಹೋಗಿ. "ಅಮ್ಮಾ ಈಗ ಕಾಣಿಸ್ತಿದೆ" ಅಂದರೂ ಹೋಗಿ. ಕೇಪಿನ ಮದ್ದು ಸಿಡಿದಿದ್ದರೆ ಮಾತ್ರ ಮೊದಲು ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದು ಆಮೇಲೆ ಹೊರಡಬೇಕು.

ಈಗ ಹೊಸದಾಗಿ ಬಂದಿರುವುದು ಜೆಲ್ ಗುಂಡಿನ ಗನ್. ಪ್ಯಾಕೆಟ್ಟಿನಲ್ಲಿ ಸಾಸಿವೆಯಷ್ಟಿರುವ ಬಣ್ಣದ ಕಾಳು, ನೀರಲ್ಲಿ ನೆನೆಸಿದರೆ ಊದಿಕೊಳ್ಳುತ್ತದೆ. ಹೊಡೆದರೆ ಒಡೆದು ಹೋಗುತ್ತದೆ, ಸೇಫ್ ಅಂತ ಮಾರುತ್ತಾರೆ. ಕಣ್ಣಿನ ಕಥೆ ಇರಲಿ, ನೆಲದ ಮೇಲೆ ಉರುಳಿದ ಒಣ ಕಾಳನ್ನು ಅಂಬೆಗಾಲಿಡುವ ಮಗು ನುಂಗಿದರೆ ಅದು ಹೊಟ್ಟೆಯಲ್ಲಿ ಊದಿ ಕರುಳು ಕಟ್ಟಿಕೊಳ್ಳಬಹುದು, ಎಕ್ಸ್‌ರೇಯಲ್ಲೂ ಕಾಣಿಸುವುದಿಲ್ಲ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಇದನ್ನು ಹೊಸ್ತಿಲು ದಾಟಿಸಬೇಡಿ. ಏರ್‌ಗನ್ ಬಗ್ಗೆ ಬರೆಯುವುದೇ ಬೇಡ, ಅದು ಆಟದ ಸಾಮಾನೇ ಅಲ್ಲ.

ಕೊಳ್ಳುವಾಗ ಇನ್ನೊಂದು ಮಾತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಹತ್ತಿರ ಲೈಸೆನ್ಸ್ ನಂಬರ್ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ದಾರದಲ್ಲಿ ನೇತಾಡುವ ಗನ್ನುಗಳಲ್ಲಿ ಆ ಗುರುತು ಹುಡುಕಿ ನೋಡಿ, ಒಳ್ಳೆ ಟೈಂಪಾಸ್.

ನಿಜದ ಹಾಗೆ ಕಾಣುವ ಬಂದೂಕು

ಕಪ್ಪು ಬಣ್ಣದ, ಅಸಲಿಯಂತೆ ಭಾರ ಇರುವ ಬಂದೂಕನ್ನು ನಾನು ಕೊಡಿಸುವುದಿಲ್ಲ. ಹಸಿರು, ಕಿತ್ತಳೆ, ಗುಲಾಬಿ ಯಾವ ಗಿಣಿ ಬಣ್ಣವಾದರೂ ಸರಿ. 2014ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಪಾರ್ಕೊಂದರಲ್ಲಿ ಆಟದ ಗನ್ ಹಿಡಿದಿದ್ದ 12 ವರ್ಷದ ಹುಡುಗನನ್ನು ಪೊಲೀಸರು ನಿಜವಾದ ಗನ್ ಅಂದುಕೊಂಡು ಗುಂಡು ಹೊಡೆದು ಕೊಂದರು. ಆಟದ್ದು ಅಂತ ತೋರಿಸುವ ಕಿತ್ತಳೆ ತುದಿ ಅದರಲ್ಲಿ ಇರಲಿಲ್ಲ. ನಮ್ಮ ಊರು ಅಮೆರಿಕ ಅಲ್ಲ, ನಿಜ. ಆದರೆ 2024ರಲ್ಲಿ ಬೆಂಗಳೂರಿನಲ್ಲೇ ನಕಲಿ ಎಕೆ-47 ಹಿಡಿದ ಬಾಡಿಗಾರ್ಡುಗಳ ಜೊತೆ ರೀಲ್ಸ್ ಮಾಡಿದವನನ್ನು ಪೊಲೀಸರು ಹಿಡಿದುಕೊಂಡು ಹೋದರು. ಹೈಸ್ಕೂಲು ಹುಡುಗರು ಇರುವ ಮನೆಯವರು ಇದನ್ನು ಅವರಿಗೆ ಹೇಳಿ. ಸ್ಕೂಲ್ ಬ್ಯಾಗಿಗೆ ಬೇಡ, ವಿಮಾನದಲ್ಲಿ ಹೋಗುವುದಾದರೆ ಕೈಚೀಲಕ್ಕೂ ಬೇಡ, ಚೆಕಿಂಗ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಮಗು ಅಲ್ಲೇ ಗೋಳೋ ಅಂತ ಅಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. 2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿನಲ್ಲಿ ಒಂದು ಕೋಳಿ ಫಾರಂನಲ್ಲಿದ್ದ ಲೈಸೆನ್ಸ್ ಬಂದೂಕನ್ನು ಒಬ್ಬ ಹುಡುಗ ಕೈಗೆತ್ತಿಕೊಂಡ, ಗುಂಡು ಹಾರಿತು, ಒಂದು ಪುಟ್ಟ ಮಗು ಸತ್ತುಹೋಯಿತು. ಮಂಡ್ಯದವರಿಗೆ ಅದು ಟಿವಿಯಲ್ಲಿ ಬಂದು ಹೋದ ಸುದ್ದಿ ಅಲ್ಲ, ಪಕ್ಕದ ಊರಿನ ವಿಷಯ. ತೋಟಕ್ಕೆ ಹಂದಿ ಬರುತ್ತದೆ ಅಂತ ಬಂದೂಕು ಇಟ್ಟುಕೊಂಡವರು ನಮ್ಮ ಕಡೆ ಇದ್ದಾರೆ. ಕೊಡಗಿನಲ್ಲಿ ನೆಂಟರು, ಸ್ನೇಹಿತರು ಇರುವವರಂತೂ ಮೈಸೂರಿನಲ್ಲಿ ಲೆಕ್ಕ ಇಲ್ಲದಷ್ಟು. ಅಲ್ಲಿ ಕೈಲ್‌ಪೊಳ್ದ್ ಅನ್ನುವ ಆಯುಧ ಪೂಜೆ ಹಬ್ಬದ ದಿನ ಕೋವಿಗೆ ತೋಕ್‌ಪೂವು ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಂಥ ಮನೆಗೆ ಹೋಗುವ ಮುಂಚೆ "ಕೋವಿ ಎಲ್ಲಿಟ್ಟಿದ್ದೀರಿ, ಬೀಗ ಇದೆಯಾ" ಅಂತ ಕೇಳಿ. ಸಂಕೋಚ ಬೇಡ. ನಾಯಿ ಕಟ್ಟಿದ್ದೀರಾ ಅಂತ ಕೇಳುವುದಿಲ್ವಾ, ಹಾಗೇ.

ಮಗುವಿಗೆ ಹೇಳಿಕೊಡಬೇಕಾದದ್ದು ಚಿಕ್ಕದು. ನಿನ್ನದಲ್ಲದ ಬಂದೂಕು ಎಲ್ಲಿ ಕಂಡರೂ ಮುಟ್ಟಬೇಡ, ಆಟದ್ದು ಅನ್ನಿಸಿದರೂ ಮುಟ್ಟಬೇಡ, ಅಲ್ಲಿಂದ ಎದ್ದು ಬಂದು ದೊಡ್ಡವರನ್ನು ಕರಿ. ಒಂದು ಸಲ ಹೇಳಿದರೆ ಸಾಲದು. ರಸ್ತೆ ದಾಟುವುದು ಹೇಳಿಕೊಟ್ಟಷ್ಟು ಸಲ ಹೇಳಬೇಕು.

ಆಟ ಯಾವಾಗ ಆಟ, ಯಾವಾಗ ಅಲ್ಲ

ಮಕ್ಕಳು ನಗುತ್ತಿದ್ದಾರಾ, ಸತ್ತವರು ಎದ್ದು ಬರುತ್ತಿದ್ದಾರಾ, ಕಳ್ಳ ಆದವನು ಆಮೇಲೆ ಪೊಲೀಸ್ ಆಗುತ್ತಿದ್ದಾನಾ, ನೋಡಿ. ಆಗುತ್ತಿದ್ದರೆ ಕಾಫಿ ಕುಡಿಯುತ್ತಾ ಕೂತಿರಿ. ಯಾವಾಗಲೂ ಒಬ್ಬನೇ ಸಾಯುತ್ತಿದ್ದಾನೆ, ಅವನಿಗೆ ಇಷ್ಟ ಇಲ್ಲದಿದ್ದರೂ ಸಾಯಿಸುತ್ತಿದ್ದಾರೆ ಅಂದರೆ ಅಲ್ಲಿ ಬಂದೂಕು ನೆಪ ಮಾತ್ರ, ಗೋಳು ಹೊಯ್ದುಕೊಳ್ಳುತ್ತಿದ್ದಾರೆ. ಆಗ ಆಟ ನಿಲ್ಲಿಸಿ. ಮನೆಯಲ್ಲಿ ಮೂರೇ ಮಾತು ಇಟ್ಟಿದ್ದೇವೆ: ಮುಖಕ್ಕೆ ಹಿಡಿಯುವಂತಿಲ್ಲ, ಆಟದಲ್ಲಿ ಇಲ್ಲದವರಿಗೆ ಹೊಡೆಯುವಂತಿಲ್ಲ (ಅಜ್ಜಿ, ಹಾಲಿನವರು, ಬೆಕ್ಕು ಎಲ್ಲರೂ ಸೇರಿ), "ಸಾಕು" ಅಂದರೆ ಸಾಕು. ತಪ್ಪಿದರೆ ಬಂದೂಕು ಎರಡು ದಿನ ಫ್ರಿಜ್ ಮೇಲೆ. ಭಾಷಣ ಬೇಕಿಲ್ಲ.

ನಮ್ಮ ಕೈ ಕೂಡ ಸ್ವಲ್ಪ ನೋಡಿಕೊಳ್ಳಬೇಕು. 1961ರಲ್ಲಿ ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಬೊಂಬೆ ಪ್ರಯೋಗದಲ್ಲಿ, ದೊಡ್ಡವರು ಗಾಳಿ ತುಂಬಿದ ಬೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ಆಮೇಲೆ ಅದೇ ರೀತಿ, ಅದೇ ಮಾತು ಆಡಿಕೊಂಡು ಹೊಡೆದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಆಟದ ಬಂದೂಕಲ್ಲ, ಹೋಂವರ್ಕ್ ಹೊತ್ತಲ್ಲಿ ನನ್ನ ಕೈಯಲ್ಲಿರುವ ಸ್ಕೇಲು.

ಸಾವಿನ ಬಗ್ಗೆ ಕೇಳಿದರೆ ತಪ್ಪಿಸಿಕೊಳ್ಳಬೇಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದಾಗ ಗೋಡೆ ತುಂಬ ಇರುವ 1780ರ ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ಮಗ ತುಂಬ ಹೊತ್ತು ನಿಂತಿದ್ದ. "ಇವರೆಲ್ಲ ಆಮೇಲೆ ಎದ್ದರಾ?" ಅಂತ ಕೇಳಿದ. ಇಲ್ಲ ಅಂದೆ. "ಒಬ್ಬರೂ?" ಒಬ್ಬರೂ ಇಲ್ಲ. ಐಸ್‌ಕ್ರೀಂ ಕೂಡ ಕೇಳದೆ ಬಂದು ಕಾರಲ್ಲಿ ಕೂತ.

ಖರ್ಚಿಲ್ಲದ ಬಂದೂಕು ಮಾಡುವುದು ಹೀಗೆ

ಹಬ್ಬದ ಊಟಕ್ಕೆ ಬಾಳೆ ಎಲೆ ತಂದಾಗ ಒಂದು ದಪ್ಪ ದಂಟು ಉಳಿಸಿಕೊಳ್ಳಿ, ದೇವರಾಜ ಮಾರ್ಕೆಟ್ಟಿನಲ್ಲಿ ಎಲೆ ಮಾರುವವರನ್ನು ಕೇಳಿದರೂ ಸಿಗಬಹುದು. ಎರಡಡಿ ಉದ್ದ ಸಾಕು. ಎಲೆಯನ್ನೆಲ್ಲ ಕಿತ್ತು ಬರೀ ದಂಟು ಮಾಡಿ. ಉಬ್ಬಿದ ಬೆನ್ನಿನ ಮೇಲೆ ಚಾಕುವಿನಿಂದ ಓರೆಯಾಗಿ ಸೀಳಿ, ಒಂದು ತುದಿ ದಂಟಿಗೆ ಅಂಟಿಕೊಂಡೇ ಇರಬೇಕು, ಪೂರ್ತಿ ಕತ್ತರಿಸಬಾರದು. ಎರಡೆರಡು ಇಂಚಿಗೆ ಒಂದರಂತೆ ಐದಾರು ಸೀಳು ಮಾಡಿ. ಚಾಕು ನಿಮ್ಮ ಕೈಯಲ್ಲೇ ಇರಲಿ. ಈಗ ಸೀಳುಗಳನ್ನೆಲ್ಲ ಬಾಗಿಲ ಹಾಗೆ ನೆಟ್ಟಗೆ ಎಬ್ಬಿಸಿ ನಿಲ್ಲಿಸಿ, ಅವು ಮಡಚಿಕೊಳ್ಳುವ ದಿಕ್ಕಿಗೆ ಅಂಗೈಯನ್ನು ಸರ್ರನೆ ಎಳೆಯಿರಿ. ಪಟಪಟಪಟ ಅಂತ ಒಂದೇ ಉಸಿರಿಗೆ ಐದಾರು ಗುಂಡು. ಹೊರಗೆ ಬರುವುದು ಸ್ವಲ್ಪ ರಸ ಮಾತ್ರ. ಬಟ್ಟೆಗೆ ಬಿದ್ದರೆ ಬಾಳೆ ಕರೆ ಹೋಗುವುದಿಲ್ಲ, ಹಳೇ ಬನಿಯನ್ ಹಾಕಿ ಕಳಿಸಿ. ಸಂಜೆಗೆ ಬಾಡಿ ಸದ್ದು ಸತ್ತುಹೋಗುತ್ತದೆ, ಪಕ್ಕದ ಮನೆ ಹಸುವಿಗೆ ಹಾಕಿಬಿಡಿ.